ಪರದೆ ಎರಡು ಸೆಕೆಂಡ್ ಕಪ್ಪಾಗಿ ತಾನೇ ಮರಳುತ್ತದೆ: ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಕಾರ್ಡ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ಬರೆದಿರುವುದು ಇಷ್ಟು: 2560×1440 ಮಾನಿಟರ್, 144 ಹರ್ಟ್ಸ್ (ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗುವ ರಿಫ್ರೆಶ್ ರೇಟ್), ಎಚ್‌ಡಿಎಂಐ ಕೇಬಲ್. ದಿನಕ್ಕೆ ನಾಲ್ಕಾರು ಸಲ ಪರದೆ ಪೂರ್ತಿ ಕಪ್ಪಾಗಿ ಎರಡು ಮೂರು ಸೆಕೆಂಡಿನಲ್ಲಿ ಮರಳುತ್ತದೆ, ಬೇರೆ ಸ್ಪೀಕರ್‌ನಲ್ಲಿ ಬರುವ ಹಾಡು ಮಾತ್ರ ನಿಲ್ಲುವುದಿಲ್ಲ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬದಲಿಸಿದ್ದಾಯಿತು, ವಿಂಡೋಸನ್ನೇ ಹೊಸದಾಗಿ ಹಾಕಿದ್ದೂ ಆಯಿತು, ತೊಂದರೆ ಹೋಗಿಲ್ಲ.

ಹಾಡು ನಿಲ್ಲದಿದ್ದರೆ ಕಂಪ್ಯೂಟರ್ ತನ್ನ ಪಾಡಿಗೆ ಓಡುತ್ತಿದೆ ಎಂದರ್ಥ. ಹೊಸ ವಿಂಡೋಸ್‌ನಲ್ಲೂ ಅದೇ ಕಾಟ ಇದೆ ಎಂದರೆ ಸಾಫ್ಟ್‌ವೇರ್ ಮೇಲಿನ ಅನುಮಾನ ಬಹುಪಾಲು ಇಳಿಯಿತು. ಉಳಿದದ್ದು ಕಾರ್ಡಿನ ಪೋರ್ಟ್‌ನಿಂದ ಮಾನಿಟರ್‌ವರೆಗಿನ ದಾರಿ. ನನ್ನ ಮೊದಲ ಅನುಮಾನ ಕೇಬಲ್ ಮೇಲೆ.

ಹಳೆಯ ವಿಜಿಎ ಕೇಬಲ್ ಕೆಟ್ಟರೆ ಚಿತ್ರ ಮಸುಕಾಗುತ್ತಿತ್ತು, ಅಕ್ಷರಗಳ ಪಕ್ಕ ನೆರಳು ಬೀಳುತ್ತಿತ್ತು. ಎಚ್‌ಡಿಎಂಐನಲ್ಲಿ ಆ ಮುನ್ಸೂಚನೆ ಸಿಗುವುದಿಲ್ಲ. ಸಿಗ್ನಲ್ ಹದದೊಳಗೆ ಇರುವ ತನಕ ಚಿತ್ರ ಚೊಕ್ಕವಾಗಿರುತ್ತದೆ. ಸ್ವಲ್ಪ ಹದ ತಪ್ಪಿದರೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿಂಚಿ ಮಾಯವಾಗುತ್ತವೆ, ಇನ್ನೂ ತಪ್ಪಿದರೆ ಮಾನಿಟರ್ ಹಿಡಿತ ಕಳೆದುಕೊಂಡು ಕಪ್ಪಾಗುತ್ತದೆ. ಮತ್ತೆ ಸಿಗ್ನಲ್ ಹಿಡಿದು ಚಿತ್ರ ತೋರಿಸಲು ಅದಕ್ಕೆ ಬೇಕಾಗುವುದೇ ನೀವು ಹೇಳಿದ ಆ ಎರಡು ಮೂರು ಸೆಕೆಂಡ್. ಕಡು ಬಣ್ಣದ ಹಿನ್ನೆಲೆಯಲ್ಲಿ ಆ ಬಿಳಿ ಚುಕ್ಕೆಗಳು ಎಂದಾದರೂ ಕಂಡಿದ್ದರೆ ಕೇಬಲ್ ಮೇಲಿನ ಅನುಮಾನ ಇನ್ನಷ್ಟು ಗಟ್ಟಿ.

ನಿಮ್ಮ ಸೆಟಪ್‌ನಲ್ಲಿ ಈ ಹದ ತಪ್ಪುವುದು ಸುಲಭ. 144 ಹರ್ಟ್ಸ್‌ನಲ್ಲಿ ಪಿಕ್ಸೆಲ್‌ಗಳ ಮಾಹಿತಿಯೊಂದೇ ಸೆಕೆಂಡಿಗೆ ಸುಮಾರು 1,274 ಕೋಟಿ ಬಿಟ್ ಆಗುತ್ತದೆ, 60 ಹರ್ಟ್ಸ್‌ಗೆ ಇಳಿಸಿದರೆ ಸುಮಾರು 530 ಕೋಟಿ. ಎಚ್‌ಡಿಎಂಐ 2.0ರಲ್ಲಿ ಈ ರೆಸಲ್ಯೂಷನ್‌ನ 144 ಹರ್ಟ್ಸ್ ಎಂದರೆ ಮಿತಿಯ ಅಂಚಿನಲ್ಲೇ ನಡೆಯುವುದು. ಆದ್ದರಿಂದ ಕಾಸು ಖರ್ಚಿಲ್ಲದ ಮೊದಲ ಪರೀಕ್ಷೆ ಇದು: ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟನ್ನು 60ಕ್ಕೆ ಇಳಿಸಿ, ಎರಡು ದಿನ ಹಾಗೇ ಬಳಸಿ. ಒಂದು ಗಂಟೆ ನೋಡಿ "ಸರಿಹೋಯಿತು" ಅನ್ನಬೇಡಿ, ದಿನಕ್ಕೆ ನಾಲ್ಕಾರು ಸಲ ಬರುವ ತೊಂದರೆಗೆ ಒಂದು ಗಂಟೆ ಏನೂ ಸಾಲದು. ಎರಡು ದಿನ ಒಮ್ಮೆಯೂ ಕಪ್ಪಾಗದಿದ್ದರೆ ತೊಂದರೆ ಸಿಗ್ನಲ್ ದಾರಿಯಲ್ಲೇ ಇದೆ.

ಆಮೇಲೆ 144ಕ್ಕೆ ಮರಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಮಾನಿಟರ್‌ನ ಇನ್ನೊಂದು ಎಚ್‌ಡಿಎಂಐ ಪೋರ್ಟ್ (ಎರಡೂ 144ಕ್ಕೆ ಹೋಗುತ್ತವೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ), ಆಮೇಲೆ ಕೇಬಲ್. ಹೊಸ ಕೇಬಲ್ ಎರಡು ಮೀಟರ್ ಒಳಗಿರಲಿ, ಪೊಟ್ಟಣದ ಮೇಲೆ "ಪ್ರೀಮಿಯಂ ಹೈ ಸ್ಪೀಡ್" ಅಥವಾ "ಅಲ್ಟ್ರಾ ಹೈ ಸ್ಪೀಡ್" ಎಂಬ ಸ್ಕ್ಯಾನ್ ಮಾಡಬಹುದಾದ ಲೇಬಲ್ ಇರಲಿ. ಚಿನ್ನದ ಲೇಪ, ಹೆಣೆದ ಹೊದಿಕೆ ಇವೆಲ್ಲ ನೋಡಲು ಚೆಂದ, ಅಷ್ಟೆ. ನಡುವೆ ಅಡಾಪ್ಟರ್ ಅಥವಾ ಉದ್ದ ಮಾಡುವ ಜೋಡಣೆ ಇದ್ದರೆ ಮೊದಲು ಅದನ್ನು ತೆಗೆಯಿರಿ. ಕಾರ್ಡ್, ಮಾನಿಟರ್ ಎರಡೂ ಕಡೆ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐನಂಥದೇ ಇನ್ನೊಂದು ಬಗೆಯ ವಿಡಿಯೋ ಪೋರ್ಟ್) ಇದ್ದರೆ ಆ ಕೇಬಲ್ ಹಾಕಿಯೂ ನೋಡಬಹುದು. ಅದರಲ್ಲಿ ತೊಂದರೆ ಬರದಿದ್ದರೆ ಕಾರ್ಡ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ.

ಕಪ್ಪಾದ ಆ ಕ್ಷಣವನ್ನು ಸ್ವಲ್ಪ ಗಮನವಿಟ್ಟು ನೋಡಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ. ಚಿತ್ರ ಮರಳುವ ಮುನ್ನ ಮಾನಿಟರ್ ಕಂಪನಿಯ ಲೋಗೋ ಬಂದರೆ, ಮಾನಿಟರೇ ಆರಿ ಹೊತ್ತಿಕೊಂಡಿದೆ. ಆಗ ಎಚ್‌ಡಿಎಂಐ ಬಿಟ್ಟು ಪವರ್ ಕೇಬಲ್, ಅಡಾಪ್ಟರ್, ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ. ಒಮ್ಮೆ ನೇರವಾಗಿ ಗೋಡೆಯ ಸಾಕೆಟ್‌ಗೇ ಹಾಕಿ. ಲೋಗೋ ಬರದೆ ವಿಂಡೋಸ್‌ನಿಂದ ಸಾಧನ ಕಿತ್ತು ಹಾಕಿದಾಗಿನ ಸದ್ದು ಕೇಳಿಸಿದರೆ, ಮಾನಿಟರ್ ಇದೆ ಎಂದು ತಿಳಿಸುವ ಗೆರೆಯೇ ಕಡಿದುಹೋಗುತ್ತಿರಬಹುದು. ಅದು ಎಚ್‌ಡಿಎಂಐನ 19ನೇ ಪಿನ್. ಕನೆಕ್ಟರ್ ಸಡಿಲವಾಗಿದ್ದರೆ ಹೀಗಾಗುತ್ತದೆ. ಕೇಬಲಿನ ಭಾರ ಪೋರ್ಟನ್ನು ಕೆಳಕ್ಕೆ ಎಳೆಯುತ್ತಿದೆಯೇ, ಮೇಜನ್ನು ಗೋಡೆಗೆ ಒತ್ತಿದಾಗ ಕೇಬಲ್ ಮಡಚಿಕೊಂಡಿದೆಯೇ ನೋಡಿ.

ಇನ್ನೊಂದು ವಿಷಯ ಕೇಳಲು ತಮಾಷೆ ಅನ್ನಿಸುತ್ತದೆ, ಆದರೆ ನಿಜ. ನೀವು ಕೂರುವುದು ಎತ್ತರ ತಗ್ಗಿಸುವ ಗ್ಯಾಸ್ ಸಿಲಿಂಡರ್ ಇರುವ ಕುರ್ಚಿಯೇ? ಏಳುವಾಗ, ಕೂರುವಾಗ ಆ ಕುರ್ಚಿಯಲ್ಲಿ ಸೇರಿಕೊಂಡ ಸ್ಥಾಯಿ ವಿದ್ಯುತ್ ಅದರ ಲೋಹದ ಭಾಗಗಳ ನಡುವೆ ಸಿಡಿದು ಸಣ್ಣದೊಂದು ರೇಡಿಯೋ ಅಲೆ ಹೊರಡಿಸುತ್ತದೆ. ಕವಚ ಸರಿಯಿಲ್ಲದ ವಿಡಿಯೋ ಕೇಬಲ್ ಅದನ್ನು ಆಂಟೆನಾದಂತೆ ಹಿಡಿದುಬಿಡುತ್ತದೆ, ಪರದೆ ಕಪ್ಪಾಗುತ್ತದೆ. ಗಾಳಿ ಒಣಗಿದ ದಿನಗಳಲ್ಲಿ ಇದು ಜಾಸ್ತಿ. ಪರದೆ ನೋಡುತ್ತಾ ಹತ್ತು ಸಲ ಎದ್ದು ಕೂತರೆ ಸಾಕು, ಗೊತ್ತಾಗಿಬಿಡುತ್ತದೆ. ಫ್ಯಾನ್ ಅಥವಾ ದೀಪದ ಸ್ವಿಚ್ ಒತ್ತಿದಾಗ ಕಪ್ಪಾಗುವುದೂ ಇದೇ ಜಾತಿಯ ತೊಂದರೆ. ಒಳ್ಳೆಯ ಕವಚದ ಗಿಡ್ಡ ಕೇಬಲ್, ಅದರ ಎರಡೂ ತುದಿಗೆ ಕ್ಲಿಪ್‌ನಂತೆ ಮುಚ್ಚುವ, ಬೇಡದ ಅಲೆ ತಡೆಯುವ ಫೆರೈಟ್ ಮಣಿ, ಪವರ್ ಕೇಬಲ್‌ಗಳಿಂದ ದೂರ ಹಾಯಿಸುವುದು, ಇಷ್ಟಕ್ಕೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ.

ಮಾನಿಟರ್ ಮೆನುವಿನಲ್ಲಿ ಎರಡು ಕಡೆ ಕೈ ಹಾಕಿ: ಇನ್‌ಪುಟ್ ತಾನೇ ಹುಡುಕುವ ಆಯ್ಕೆಯನ್ನು ತೆಗೆದು ಎಚ್‌ಡಿಎಂಐಗೆ ನಿಲ್ಲಿಸಿ, ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ (ಕಾರ್ಡ್ ಚಿತ್ರ ಕಳಿಸುವ ವೇಗಕ್ಕೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆ) ಇದ್ದರೆ ಸ್ವಲ್ಪ ದಿನ ಆರಿಸಿಡಿ.

ಕಾರ್ಡ್ ಅಥವಾ ಡ್ರೈವರ್ ತಪ್ಪಿದ್ದರೆ ಲಕ್ಷಣ ಬೇರೆ ಇರುತ್ತದೆ. ಕಪ್ಪಾಗುವ ಮುನ್ನ ಮೌಸ್ ಮತ್ತು ಚಿತ್ರ ಸ್ವಲ್ಪ ಹೊತ್ತು ಕಲ್ಲಾಗಿ ನಿಲ್ಲುತ್ತವೆ, ಮರಳಿದ ಮೇಲೆ ಆಟವೋ ವಿಡಿಯೋ ಎಡಿಟರೋ ಮುಚ್ಚಿಹೋಗಿರುತ್ತದೆ. ಇದಕ್ಕೆ ಕಾರಣ ಇಷ್ಟೆ: ಕಾರ್ಡ್ ಎರಡು ಸೆಕೆಂಡ್ ಉತ್ತರಿಸದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ. ಅದರ ಗುರುತು ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಉಳಿಯುತ್ತದೆ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್‌ನಲ್ಲಿ ಕಪ್ಪಾದ ಸಮಯಕ್ಕೆ ಸರಿಯಾಗಿ "ಡಿಸ್‌ಪ್ಲೇ" ಹೆಸರಿನ 4101 ಸಂಖ್ಯೆಯ ದಾಖಲೆ ಇದೆಯೇ ಹುಡುಕಿ. ಅದಕ್ಕೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಆ ದಾಖಲೆಗಳ ಕಾಡಿನಲ್ಲಿ ಕಂಡ ಕೆಂಪು ಗುರುತೆಲ್ಲ ಅಪರಾಧಿಯಂತೆ ತೋರುತ್ತದೆ.

4101 ಸಿಕ್ಕರೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕಾರ್ಡನ್ನು ಒಮ್ಮೆ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಅದರ ಪವರ್ ಕನೆಕ್ಟರ್ ಕ್ಲಿಕ್ ಅನ್ನುವವರೆಗೆ ಒತ್ತಿ. ಓವರ್‌ಕ್ಲಾಕ್ ಮಾಡಿದ್ದರೆ (ಕಾರ್ಡನ್ನು ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸಿದ್ದರೆ) ತೆಗೆಯಿರಿ, ಫ್ಯಾನ್ ತಿರುಗುತ್ತಿದೆಯೇ ನೋಡಿ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಹೊರಗಿಟ್ಟು, ಮದರ್‌ಬೋರ್ಡ್‌ನ ಪೋರ್ಟ್‌ಗೆ ಕೇಬಲ್ ಹಾಕಿ ಎರಡು ದಿನ ನಡೆಸಿ. ಅದರಲ್ಲಿ ಒಮ್ಮೆಯೂ ಕಪ್ಪಾಗದಿದ್ದರೆ ಕಾರ್ಡ್ ಜೊತೆಗೆ ಪವರ್ ಸಪ್ಲೈ ಮೇಲೂ ಅನುಮಾನ ಇರಲಿ. ಕಾರ್ಡ್ ತೆಗೆದಾಗ ಅದರ ಹೊರೆಯೂ ಇಳಿದಿರುತ್ತದೆ. ಹಾಗಾಗಿ ಅದೇ ಕಾರ್ಡನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದ ಮೇಲೆಯೇ ಹೊಸದರ ಮಾತು. ಮಾನಿಟರ್ ತಪ್ಪು ಎಂದು ಗೊತ್ತಾದರೂ ಅದನ್ನು ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.