ಓದುಗರು ಕೇಳಿದ್ದು: ಬಣ್ಣದ ಮುಖದ ಆಫ್ರಿಕಾ ಕೋತಿಗಳು

ಆಫ್ರಿಕಾದ ಗೆನಾನ್ ಕೋತಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ಗೆನಾನ್ ನಮ್ಮ ಮುಸುವದ ಬಳಗವೋ, ಕೋತಿಯ ಬಳಗವೋ? ಉದ್ದ ಬಾಲ ನೋಡಿದರೆ ಮುಸುವ ಅನ್ನಿಸುತ್ತದೆ. (ಸಾಗರ)

ಬಾಲ ನೋಡಿ ಮೋಸಹೋಗಬೇಡಿ, ಅದು ಕೋತಿಯ ಕಡೆಯದೇ. ಗುರುತು ಗಲ್ಲದಲ್ಲಿದೆ. ನಮ್ಮ ಕೋತಿ ಕಡಲೆಕಾಯಿ ಕಿತ್ತುಕೊಂಡು ಗಲ್ಲದ ಚೀಲಕ್ಕೆ ತುರುಕಿ, ಮರ ಹತ್ತಿ ಕೂತು ನಿಧಾನವಾಗಿ ಅಗಿಯುತ್ತದಲ್ಲ, ಆ ಚೀಲ ಗೆನಾನಿಗೂ ಉಂಟು. ಮುಸುವಕ್ಕೆ ಇಲ್ಲ. ಅದಕ್ಕಿರುವುದು ಎಲೆಯನ್ನು ಹುಳಿಸಿ ಅರಗಿಸುವ ಕೋಣೆಕೋಣೆಯ ಹೊಟ್ಟೆ. ಸಂಸಾರದ ರೀತಿ ಮಾತ್ರ ನಮ್ಮ ಕೋತಿಯದಲ್ಲ. ಇಲ್ಲಿನ ಹಿಂಡಿನಲ್ಲಿ ಗಡವಗಳು ಹಲವು, ಕಾಡಿನ ಗೆನಾನ್ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ, ಗಂಡುಮರಿಗಳು ಪ್ರಾಯಕ್ಕೆ ಬಂದಾಗ ಹೊರಬೀಳುತ್ತವೆ.

ಪ್ರಶ್ನೆ: ಇವುಗಳಲ್ಲಿ ಒಟ್ಟು ಎಷ್ಟು ಜಾತಿ? ಒಂದೊಂದು ಪುಸ್ತಕದಲ್ಲಿ ಒಂದೊಂದು ಸಂಖ್ಯೆ ಇದೆಯಲ್ಲ? (ಧಾರವಾಡ)

ಮೂವತ್ತರ ಮೇಲೆ ಎನ್ನಿ. ಸಂಖ್ಯೆ ಬದಲಾಗುವುದು ಎಣಿಸುವವರ ಕೈಯಿಂದ: ಬ್ಲೂ ಮಂಕಿ, ಸೈಕ್ಸ್, ಗೋಲ್ಡನ್ ಇವನ್ನು ಒಂದೇ ಜಾತಿಯ ಒಳಬಗೆಗಳೆಂದು ಕೆಲವರು ಸೇರಿಸುತ್ತಾರೆ, ಬೇರೆ ಬೇರೆ ಜಾತಿಯೆಂದು ಕೆಲವರು ಒಡೆಯುತ್ತಾರೆ. ಕಾಡಿನ ಗೆನಾನುಗಳ ಜತೆಗೆ ಬಯಲಿನ ವರ್ವೆಟ್, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪಟಾಸ್, ಕಿಲೋ ಒಂದೂವರೆ ತೂಗುವ ಟಲಪಾಯಿನ್, ಜೌಗುಕಾಡಿನ ಅಲೆನ್ಸ್ ಕೋತಿ ಎಲ್ಲವೂ ಇದೇ ಬಳಗ.

ಪಟ್ಟಿ ಇನ್ನೂ ಮುಗಿದಿಲ್ಲ. 2007ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಒಪಾಲಾ ಎಂಬ ಊರಿನಲ್ಲಿ ಶಾಲೆಯ ಮುಖ್ಯಸ್ಥರ ಮನೆಯಲ್ಲಿ ಸಾಕಿದ್ದ ಒಂದು ಹೆಣ್ಣುಮರಿ ಸಂಶೋಧಕರ ಕಣ್ಣಿಗೆ ಬಿತ್ತು. ವಿಜ್ಞಾನಕ್ಕೆ ಹೊಸತು ಎಂದು ಖಚಿತಪಡಿಸಿ ವಿವರಣೆ ಪ್ರಕಟಿಸಿದ್ದು 2012ರಲ್ಲಿ. ಊರವರಿಗೆ ಅದು ಹೊಸತೇನಲ್ಲ, ‘ಲೆಸೂಲಾ’ ಎಂದು ಕರೆಯುತ್ತಲೇ ಇದ್ದರು. ಅದೇ ಹೆಸರು ಉಳಿಯಿತು. ಲೊಮಾಮಿ ನದಿಯ ಪಶ್ಚಿಮಕ್ಕಷ್ಟೇ ಅದರ ನೆಲೆ. ಇಷ್ಟೊಂದು ಜಾತಿ ಯಾಕೆ ಹುಟ್ಟಿದವು ಎಂಬುದಕ್ಕೂ ಇಲ್ಲೇ ಸುಳಿವಿದೆ. ಒಣ ಯುಗಗಳಲ್ಲಿ ಮಳೆಕಾಡು ಕುಗ್ಗಿ ತುಂಡುತುಂಡಾಯಿತು, ಅಗಲವಾದ ನದಿಗಳು ಅಡ್ಡಬಂದವು. ಆಚೆಯವು ಆಚೆ, ಈಚೆಯವು ಈಚೆ ಉಳಿದು ಬೇರೆಯಾದವು. ಕಾಡು ಮತ್ತೆ ಹಬ್ಬಿದಾಗ ಅನೇಕ ಜಾತಿಗಳು ಒಂದೇ ಮರದ ಕೆಳಗೆ ಬಂದು ನಿಂತವು.

ಪ್ರಶ್ನೆ: ಮೈಯೆಲ್ಲ ಮಾಸಲು, ಮುಖಕ್ಕೆ ಮಾತ್ರ ಯಕ್ಷಗಾನದ ಮುಖವರ್ಣಿಕೆ! ಯಾಕೆ? (ಕುಂದಾಪುರ)

ಹೋಲಿಕೆ ಚೆನ್ನಾಗಿದೆ, ಕೆಲಸವೂ ಹೆಚ್ಚುಕಡಿಮೆ ಅದೇ: ಯಾವ ವೇಷ ಎಂದು ದೂರದಿಂದಲೇ ತಿಳಿಯಬೇಕು. ಡಿ ಬ್ರಾಜಾ ಕೋತಿಯ ಮುಖವನ್ನೇ ನೋಡಿ. ಹಣೆಗೆ ಕಿತ್ತಳೆ ಬಣ್ಣದ ಅರ್ಧಚಂದ್ರ, ಅದರ ಮೇಲೆ ಕಪ್ಪು ಪಟ್ಟಿ, ಮೂಗಿನಿಂದ ಕೆಳಗೆ ಬಿಳಿ ಮೂತಿ, ಅಲ್ಲಿಂದ ಇಳಿಬಿದ್ದ ಬಿಳಿ ಗಡ್ಡ. ಮಸ್ಟಾಶ್ಡ್ ಕೋತಿಗೆ ನೀಲಿ ಮುಖ, ತುಟಿಯ ಮೇಲೆ ಬಿಳಿ ಮೀಸೆ, ಕೆನ್ನೆಗೆ ಹಳದಿ ಕೂದಲು. ಪುಟ್ಟಿನೋಸ್‌ಗೆ ಕಪ್ಪು ಮುಖದ ನಡುವೆ ಸುಣ್ಣ ಅದ್ದಿಟ್ಟ ಹಾಗೆ ಮೂಗು.

ಎರಡು ಮೂರು ಜಾತಿಗಳು ಒಂದೇ ಹಿಂಡಾಗಿ ಮೇಯುವುದು ಇವುಗಳಲ್ಲಿ ಮಾಮೂಲು. ಹದ್ದು, ಚಿರತೆಗಳ ಮೇಲೆ ಕಣ್ಣಿಡಲು ಹೆಚ್ಚು ಕಣ್ಣು ಸಿಗುತ್ತವೆ. ಆದರೆ ಜತೆಯಲ್ಲಿ ತಿರುಗುವವು ಹತ್ತಿರದ ನೆಂಟರು, ಆದ್ದರಿಂದ ತಪ್ಪು ಜಾತಿಯ ಜತೆ ಕೂಡುವ ಅಪಾಯವೂ ಅಷ್ಟೇ ಹತ್ತಿರ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ 22 ಜಾತಿಗಳ 1,400ಕ್ಕೂ ಹೆಚ್ಚು ಫೋಟೋಗಳನ್ನು ಮನುಷ್ಯರ ಮುಖ ಗುರುತಿಸುವ ಮಾದರಿಯ ಕಂಪ್ಯೂಟರ್ ವಿಧಾನಕ್ಕೆ ಒಡ್ಡಿತು. ನೆಲೆ ಹಂಚಿಕೊಂಡ ಜಾತಿಗಳು ಹೆಚ್ಚಾದಷ್ಟೂ ಮುಖದ ವ್ಯತ್ಯಾಸವೂ ಎದ್ದು ಕಂಡಿತು. 2020ರಲ್ಲಿ ಕೋತಿಗಳಿಗೇ ಚಿತ್ರ ತೋರಿಸಿ ನೋಡಿದಾಗ, ಪುಟ್ಟಿನೋಸ್‌ಗಳ ನೋಟವನ್ನು ಮೂಗಿನ ಬೊಟ್ಟು ಸೆಳೆಯಿತು, ಮೋನಾ ಎಂಬ ಇನ್ನೊಂದು ಗೆನಾನ್ ಜಾತಿಯ ನೋಟವನ್ನು ಹುಬ್ಬಿನ ಮೇಲಿನ ಬಿಳಿ. ಅಂದರೆ ಒಂದೊಂದು ಜಾತಿ ಮುಖದಲ್ಲಿ ಹುಡುಕುವ ಗುರುತೂ ಬೇರೆ ಬೇರೆ.

ಪ್ರಶ್ನೆ: ಹಾಗಾದರೆ ಬೆರಕೆ ಆಗುವುದೇ ಇಲ್ಲವೇ? (ಅದೇ ಓದುಗರು)

ಆಗುತ್ತದೆ. ಟಾಂಜಾನಿಯಾದ ಗೊಂಬೆಯಲ್ಲಿ, ಜೇನ್ ಗುಡಾಲ್ 1960ರಿಂದ ಚಿಂಪಾಂಜಿಗಳನ್ನು ಅಭ್ಯಸಿಸಿದ ಆ ಕಾಡಿನಲ್ಲೇ, ರೆಡ್‌ಟೇಲ್ ಮತ್ತು ಬ್ಲೂ ಮಂಕಿಗಳು ಬೆರೆತು ಮರಿ ಹಾಕುತ್ತವೆ. ಒಂದರ ಕ್ರೋಮೋಸೋಮ್ 66, ಇನ್ನೊಂದರದು 72. ಲೆಕ್ಕದ ಪ್ರಕಾರ ಬೆರಕೆ ಮರಿ ಬಂಜೆಯಾಗಬೇಕಿತ್ತು, ಆದರೆ ಬೆರಕೆ ಹೆಣ್ಣುಗಳು ಮತ್ತೆ ಮರಿ ಹಾಕಿವೆ. ಗೊಂಬೆ ಎಂದರೆ ಟಾಂಗನೀಕಾ ಸರೋವರಕ್ಕೂ ಗುಡ್ಡದ ಸಾಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಕಾಡು. ಹೆಣ್ಣು ಸಿಗುವುದು ಕಷ್ಟವಾದ ಕಡೆ ಮುಖದ ಬೋರ್ಡನ್ನು ಯಾರೂ ಅಷ್ಟು ಗಮನವಿಟ್ಟು ಓದುವುದಿಲ್ಲ, ಅಷ್ಟೇ.

ಪ್ರಶ್ನೆ: ಜೂನ್ ಕೊನೆಗೆ ಉಗಾಂಡಾಗೆ ಹೊರಟಿದ್ದೇವೆ. ಅಲ್ಲಿನ ಕಿಬಾಲೆ ಕಾಡಿನಲ್ಲಿ ಗೆನಾನ್ ಗುರುತಿಸುವುದು ಹೇಗೆ? (ಬೆಂಗಳೂರು)

ಮೊದಲು ಊರಲ್ಲೇ ಮುಗಿಸಬೇಕಾದ ಕೆಲಸ: ಹಳದಿ ಜ್ವರದ ಲಸಿಕೆ, ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ. ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಹಳದಿ ಪುಸ್ತಕ ಮರೆತರೆ ಹೋಗುವಾಗಲೂ ತೊಂದರೆ, ವಾಪಸ್ ಬಂದಾಗ 6 ದಿನದ ಕ್ವಾರಂಟೈನೂ ಕಾದಿರುತ್ತದೆ.

ಕಾಡಿನಲ್ಲಿ ಬೆಳಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ನಂತರ ಓಡಾಡಿ. ನಡುಮಧ್ಯಾಹ್ನ ಅವು ಮಲಗುತ್ತವೆ, ನೀವೂ ಮಲಗಿ. ಬೈನಾಕ್ಯುಲರ್ 8x42, ಅಂದರೆ 8 ಪಟ್ಟು ಹಿಗ್ಗಿಸಿ ತೋರಿಸುವಂಥದ್ದು ಇರಲಿ; 10 ಪಟ್ಟಿನದ್ದು ಕತ್ತೆತ್ತಿ ಹಿಡಿದಾಗ ಅಲುಗಾಡಿ ಏನೂ ಕಾಣದಂತಾಗುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ, ಕಂಡ ಕೂಡಲೇ ಮುಖ ಹುಡುಕುವುದು. ಎತ್ತರದ ಮರದಲ್ಲಿ ಬೆನ್ನ ಹಿಂದೆ ಬಿಳಿ ಆಕಾಶ ಇರುವಾಗ ಎಲ್ಲ ಮುಖವೂ ಕಪ್ಪೇ. ಮೊದಲು ಎಷ್ಟು ಎತ್ತರದಲ್ಲಿದೆ ನೋಡಿ, ಆಮೇಲೆ ಬಾಲ, ಕೊನೆಗೆ ಮುಖ. ನೆಲದಲ್ಲಿ ನಡೆಯುತ್ತ, ಬಾಲವನ್ನು ಮೇಲೆತ್ತಿ ತುದಿಯನ್ನು ಕೊಕ್ಕೆಯಂತೆ ಬಾಗಿಸಿದ್ದರೆ ಅದು ಲೋಯೆಸ್ಟ್ಸ್. ಕುತ್ತಿಗೆಯ ಬಿಳಿ ಗಡ್ಡ ನೋಡಿ ಖಾತ್ರಿ ಮಾಡಿಕೊಳ್ಳಿ. ಮರದಲ್ಲಿದ್ದು ಬಾಲದ ಕೆಳ ಅರ್ಧ ಇಟ್ಟಿಗೆಗೆಂಪಾಗಿದ್ದರೆ ರೆಡ್‌ಟೇಲ್, ತಿರುಗಿದಾಗ ಮೂಗಿನ ಮೇಲೆ ಹೃದಯದಾಕಾರದ ಬಿಳಿ ಬೊಟ್ಟು ಕಾಣುತ್ತದೆ. ಬಾಲ ಕಪ್ಪು, ಮೈ ದಪ್ಪ, ಹುಬ್ಬಿನ ಮೇಲೆ ನಿಮಿರಿದ ಕೂದಲು ಇದ್ದರೆ ಬ್ಲೂ ಮಂಕಿ. ಹೆಸರು ನಂಬಿ ನೀಲಿ ಹುಡುಕಿದರೆ ದಿನವೆಲ್ಲ ಹುಡುಕಬೇಕಾದೀತು, ಅದು ಬೂದಿ ಬಣ್ಣದ ಪ್ರಾಣಿ. ಅದೇ ಗುಂಪಿನಲ್ಲಿ ಹೆಬ್ಬೆರಳೇ ಇಲ್ಲದಂತಿರುವ ಕೆಂಚು ಕೋತಿಗಳು ಕಂಡರೆ ಅವು ರೆಡ್ ಕಾಲೊಬಸ್, ಗೆನಾನ್ ಅಲ್ಲ, ನಮ್ಮ ಮುಸುವದ ಕಡೆಯವು.

ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ಅನ್ನು +1ರಿಂದ +2ರವರೆಗೆ ಏರಿಸಿಕೊಳ್ಳಿ, ಇಲ್ಲದಿದ್ದರೆ ಮನೆಗೆ ಬರುವುದು ಬರೀ ನೆರಳು. ಲಾಡ್ಜ್ ಸುತ್ತ ಸುಳಿಯುವ ಕಪ್ಪು ಮುಖದ ವರ್ವೆಟ್‌ಗಳು ನಮ್ಮ ದೇವಸ್ಥಾನದ ಕೋತಿಗಳಿಗೆ ಪಾಠ ಹೇಳಬಲ್ಲವು. ಕಿಟಕಿ ಹಾಕಿಡಿ, ದುರುಗುಟ್ಟಿ ನೋಡಬೇಡಿ. ದಿಟ್ಟಿಸುವುದೆಂದರೆ ಅವುಗಳ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ.

ಪ್ರಶ್ನೆ: ಅವುಗಳ ಭಾಷೆ ಎಂದಿರಿ. ಕೋತಿಗಳಿಗೆ ಪದಗಳಿವೆ ಎನ್ನುವುದು ನಿಜವೇ? (ಮಂಡ್ಯ)

ಪದ ಎನ್ನುವುದು ದೊಡ್ಡ ಮಾತು, ಕೂಗು ಎನ್ನೋಣ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್‌ಗಳ ಕೂಗನ್ನು ಮುದ್ರಿಸಿ, ಅಪಾಯ ಇಲ್ಲದ ಹೊತ್ತಿನಲ್ಲಿ ಬಚ್ಚಿಟ್ಟ ಸ್ಪೀಕರಿನಿಂದ ಕೇಳಿಸಿದರು. ಫಲಿತಾಂಶ ಪ್ರಕಟವಾದದ್ದು 1980ರಲ್ಲಿ. ಚಿರತೆಯ ಕೂಗಿಗೆ ಮರ ಹತ್ತಿದವು, ಹದ್ದಿನ ಕೂಗಿಗೆ ಮೇಲೆ ನೋಡಿದವು ಇಲ್ಲವೇ ಪೊದೆಗೆ ನುಗ್ಗಿದವು, ಹಾವಿನ ಕೂಗಿಗೆ ಹಿಂಗಾಲ ಮೇಲೆ ನಿಂತು ಹುಲ್ಲಿನಲ್ಲಿ ಇಣುಕಿದವು. ಮರಿಗಳು ಇದನ್ನು ತಪ್ಪು ಮಾಡಿಯೇ ಕಲಿಯುತ್ತವೆ. ಉದುರುವ ಎಲೆಗೂ ಹದ್ದಿನ ಕೂಗು ಹಾಕುತ್ತವೆ, ದೊಡ್ಡವು ತಲೆ ಎತ್ತಿ ನೋಡಿ ಸುಮ್ಮನಾಗುತ್ತವೆ.

ಪ್ರಶ್ನೆ: ಫೋನಿನಲ್ಲಿ ಆಫ್ರಿಕಾದ ಕೋತಿಮರಿ ಮಾರಾಟಕ್ಕಿದೆ ಎಂಬ ಸಂದೇಶ ಬಂತು. ಸಾಕಬಹುದೇ? (ಹೆಸರು ಬೇಡ)

ಬೇಡ. ಎಲ್ಲ ಗೆನಾನುಗಳೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಥ ಪ್ರಾಣಿ ಕೈಯಲ್ಲಿದ್ದರೆ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಫೋನಿನಲ್ಲಿ ಮಾರುವವನ ಹತ್ತಿರ ಆಮದಿನ ಕಾಗದ ಇರುವ ಸಂಭವ ಕಡಿಮೆ. 2022ರ ಆಗಸ್ಟಿನಲ್ಲಿ ಚೆನ್ನೈ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ ಹಾವು, ಆಮೆಗಳ ಜತೆ ಸಿಕ್ಕಿದ್ದು ಒಂದು ಡಿ ಬ್ರಾಜಾ ಕೋತಿಯೇ. ಕಾನೂನು ಬದಿಗಿಟ್ಟರೂ ಲೆಕ್ಕ ಕೂಡುವುದಿಲ್ಲ. ಮರಿಯ ಮುದ್ದು ಕೆಲವೇ ವರ್ಷ. ಗಂಡು ಪ್ರಾಯಕ್ಕೆ ಬಂದರೆ ಕೋರೆಹಲ್ಲು ಬಲಿಯುತ್ತದೆ, ಕಚ್ಚುತ್ತದೆ. ಆಮೇಲೆ ಬೋನಿನೊಳಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆ ಸಂದೇಶ ಅಳಿಸಬೇಡಿ, ಅರಣ್ಯ ಇಲಾಖೆಗೆ ತೋರಿಸಿ.