ಕೊಂಬು ಚಿಕ್ಕದಾದರೆ ಟ್ರೋಫಿ ಅಲ್ವಾ?

ಸರ್, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರೋ ನಿಮ್ಮ ತಮ್ಮ ಲೈಸೆನ್ಸ್ ತಗೊಂಡು ಹೊಡೆದ ಜಿಂಕೆ ಕೊಂಬು ಚಿಕ್ಕದು, ಅದನ್ನ ಟ್ರೋಫಿ ಅಂತ ಗೋಡೆಗೆ ಹಾಕಿದ್ದು ಸರಿನಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಖಂಡಿತ ಸರಿ.

ದಾಖಲೆ ಲೆಕ್ಕ ಬೇರೆ. ದೊಡ್ಡ ಕೊಂಬುಗಳ ದಾಖಲೆ ಇಡೋ ಅಲ್ಲಿನ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಪಟ್ಟಿಗೆ ಸೇರೋಕೆ ಬಿಳಿಬಾಲದ ಜಿಂಕೆಗೆ ಕೊಂಬಿನ ಅಳತೆ ಮೇಲೆ ಕಡಿಮೆ ಅಂದ್ರೂ 160 ಅಂಕ ಬೇಕು. ಕೊಂಬು 60 ದಿನ ಒಣಗಿದ ಮೇಲೇ ಟೇಪ್ ಹಿಡಿಯೋದು, ಎಡಬಲ ಸಮ ಇಲ್ಲದಿದ್ರೆ ಅಂಕ ಕಳೀತಾರೆ. ಆದ್ರೆ ಹಿಮದಲ್ಲಿ ಕಾದು ಕೂತಿದ್ದಕ್ಕೆ, ಗುರಿ ಸರಿ ಸಿಗದಾಗ ಗುಂಡು ಹಾರಿಸದೆ ಬಿಟ್ಟಿದ್ದಕ್ಕೆ, ರಕ್ತದ ಜಾಡು ಹಿಡಿದು ಹೋಗಿ ಮಾಂಸ ಹಾಳಾಗದಂಗೆ ಮನೆಗೆ ತಂದಿದ್ದಕ್ಕೆ ಅಲ್ಲಿ ಅಂಕ ಇಲ್ಲ. ನನಗೆ ದೊಡ್ಡದು ಅನ್ಸೋದು ಇವೇ.

ಇನ್ನೊಂದು ವಿಷಯ. ಕೊಂಬು ಪ್ರತಿವರ್ಷ ಉದುರಿ ಹೊಸದಾಗಿ ಬರುತ್ತೆ. ಮೇವು, ವಯಸ್ಸು, ವಂಶದ ಮೇಲೆ ಅದರ ಗಾತ್ರ. ಮುದಿ ಗಂಡಿಗೂ ಸಣ್ಣ ಕೊಂಬು ಇರಬಹುದು, ಅಂಥದ್ದು ಸಿಗೋದು ಬಲು ಕಷ್ಟ.

ನೀವು ಮಧುಗಿರಿಯವರಾದ್ದರಿಂದ ಹೇಳ್ತೀನಿ: ಇದು ಅಲ್ಲಿನ ಮಾತು ಮಾತ್ರ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ನಿಮ್ಮ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗಗಳನ್ನ ಕಣ್ತುಂಬ ನೋಡಬೇಕು ಅಷ್ಟೆ.

ತಮ್ಮನ್ನ ಕೇಳಿ, ಆ ಜಿಂಕೆಯ ಕೆಳದವಡೆ ಇಟ್ಕೊಂಡಿದ್ರೆ ಹಲ್ಲಿನ ಸವೆತ ನೋಡಿ ಅದರ ವಯಸ್ಸು ಅಂದಾಜು ಮಾಡಬಹುದು.