ಕೇಳ್ರಿ, ಹೇಳ್ತೀವಿ: ಈ ಸಲ ಚಾದಂಗಡಿ ರಾಜಕಾರಣ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರಾಜಕಾರಣದ್ದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿದರೆ 33 ವಿಧಾನಸಭಾ ಕ್ಷೇತ್ರ, ಜಗಳಕ್ಕೆ ಬರ ಎಲ್ಲಿಂದ ಬರಬೇಕು? ಬೈಗುಳವೇ ಜಾಸ್ತಿ ಇದ್ದ ಪತ್ರಗಳನ್ನು ಪಕ್ಕಕ್ಕಿಟ್ಟು, ಉತ್ತರ ಕೊಡಬಹುದಾದ ಕೆಲವನ್ನು ಆರಿಸಿದ್ದೇವೆ.

ದಿನಾ ಸಂಜೆ ಚಾದಂಗಡಿಯಲ್ಲಿ ನನಗೂ ನಮ್ಮ ಸೋದರಮಾವನಿಗೂ ವಾದ. "ಹಿಂದಿನವರು ನಾಯಕರು, ಈಗಿನವರು ಗುತ್ತಿಗೆದಾರರು" ಅಂತ ಅವರದು ಒಂದೇ ರಾಗ. ನಾನು ಏನು ಹೇಳಿದರೂ "ನಿನಗೇನು ಗೊತ್ತು, ನೀನು ಹುಟ್ಟಿದ್ದೇ ಮೊನ್ನೆ" ಅಂತಾರೆ. ಏನು ಉತ್ತರ ಕೊಡಲಿ?
*ಓದುಗ, ಜಮಖಂಡಿ*

ಮೊದಲು ಮಾವನ ಚಹಾದ ದುಡ್ಡು ನೀವೇ ಕೊಡಿ, ಅರ್ಧ ವಾದ ಅಲ್ಲೇ ಗೆಲ್ಲುತ್ತೀರಿ. ಉಳಿದರ್ಧಕ್ಕೆ ನಿಮ್ಮ ಊರಿನ ಸುತ್ತಲೇ ಸಾಮಾನು ಬಿದ್ದಿದೆ.

ಮಾವನನ್ನು 1962ಕ್ಕೆ ಕರೆದುಕೊಂಡು ಹೋಗಿ. ಆ ಚುನಾವಣೆಯಲ್ಲಿ, ಮುಖ್ಯಮಂತ್ರಿಯಾಗಬೇಕಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ನಮ್ಮ ಕಡೆಯವರೇ ಆದ ಎಸ್.ಆರ್. ಕಂಠಿ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದರು, ಜೂನ್‌ನಲ್ಲಿ ಕಂಠಿ ಅವರಿಗೆ ಕುರ್ಚಿ ಬಿಟ್ಟುಕೊಟ್ಟರು. ಇದನ್ನು ತ್ಯಾಗ ಅಂತ ಹೇಳುವವರಿದ್ದಾರೆ, ಪಕ್ಷದ ಲೆಕ್ಕಾಚಾರ ಅಂತ ಹೇಳುವವರೂ ಇದ್ದಾರೆ. ಇವತ್ತು ಹಿಂಗಾದರೆ ನಿಮ್ಮ ಮಾವ ಏನಂತಾರೆ, ಕೇಳಿ ನೋಡಿ. "ಕುರ್ಚಿ ಕಾಯಲಿಕ್ಕೆ ಒಬ್ಬನನ್ನು ಕೂರಿಸಿದ್ರು" ಅಂತ ನಗ್ತಾರೆ ಅಲ್ವಾ? ಹಾಗಂತ ಕಂಠಿಯವರನ್ನು ಸಣ್ಣವರು ಮಾಡಬೇಕಿಲ್ಲ. ಆಮೇಲೆ ಅವರು ಶಿಕ್ಷಣ ಮಂತ್ರಿಯಾದರು, 1963ರಲ್ಲಿ ವಿಜಯಪುರದಲ್ಲಿ ಸೈನಿಕ ಶಾಲೆ ಶುರುವಾಯಿತು. ಮೂರು ತಿಂಗಳ ಮುಖ್ಯಮಂತ್ರಿ ಪದವಿ ಮರೆತುಹೋದರೂ ಆ ಶಾಲೆ ಇನ್ನೂ ನಡೆದಿದೆ.

ಇನ್ನು ನಿಮ್ಮ ತಾಲ್ಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕು ಅಂದಾಗ ಅವರು ತಕ್ಷಣ ಸಹಿ ಹಾಕಲಿಲ್ಲ, ಕೊನೆಗೆ ಹಾಕಿದರು. ತಡೆದದ್ದು ಸರಿಯೋ, ಹಾಕಿದ್ದು ಸರಿಯೋ? ಇದರ ಮೇಲೆ ಒಂದು ವಾರ ಚಹಾ ಕುಡಿಯಬಹುದು.

ಆದರೆ ನಿಮ್ಮ ಊರಲ್ಲಿ ಕೂತು ಈ ವಾದ ಮಾಡುವವರು ಬಿಡಬಾರದ ಹೆಸರು ಸಿದ್ದು ನ್ಯಾಮಗೌಡ. ಕೃಷ್ಣೆ ಕಣ್ಣೆದುರೇ ಹರಿದರೂ ಬೇಸಿಗೆಯಲ್ಲಿ ಹೊಲಕ್ಕೆ ನೀರಿಲ್ಲ. ಸರ್ಕಾರ ಕಟ್ಟುತ್ತದೆ ಅಂತ ಕಾದು ಕಾದು, 1989ರ ಹೊತ್ತಿಗೆ ಚಿಕ್ಕಪಡಸಲಗಿ ಹತ್ತಿರ ರೈತರೇ ದುಡ್ಡು ಹಾಕಿ, ಮೈಬಗ್ಗಿಸಿ ದುಡಿದು ಬ್ಯಾರೇಜ್ ಕಟ್ಟಿಕೊಂಡರು. ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ಅದರ ಮುಂದಾಳು ಇವರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತದ್ದು ಯಾರೆದುರು? ಹಿಂದೆ ಮುಖ್ಯಮಂತ್ರಿಯಾಗಿದ್ದ, ದೇಶಕ್ಕೆಲ್ಲ ಹೆಸರು ಗೊತ್ತಿದ್ದ ರಾಮಕೃಷ್ಣ ಹೆಗಡೆಯವರೆದುರು. ಗೆದ್ದವರು "ಬ್ಯಾರೇಜ್ ಸಿದ್ದು". ಆಮೇಲೆ ಕೇಂದ್ರದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರೂ ಆದರು.

ಆ ಗೆಲುವಿಗೆ ಕಾರಣ ಬ್ಯಾರೇಜ್ ಒಂದೇ ಅಂತ ನಾವು ಹೇಳುವುದಿಲ್ಲ. ಜಾತಿ, ಪಕ್ಷ, ಆ ವರ್ಷದ ಗಾಳಿ ಎಲ್ಲಾ ಇತ್ತು. ಆದರೂ ನಾಳೆ ಸಂಜೆ ಮಾವನಿಗೆ ಇಷ್ಟು ಕೇಳಿ: ಹೆಗಡೆಯವರಂಥ ದೊಡ್ಡ ನಾಯಕರನ್ನು ಸೋಲಿಸಿದ ಜನರಲ್ಲಿ ನೀವೂ ಇದ್ರೇನು? ವೋಟು ಯಾರಿಗೆ ಹಾಕಿದ್ರಿ? ಉತ್ತರ ಬಂದರೆ ನಮಗೂ ಬರೆದು ಕಳಿಸಿ.

ಆಲಮಟ್ಟಿ ಎತ್ತರ 519ರಿಂದ 524 ಆಗುತ್ತದೆ ಅಂತ ನಾನು ಕಾಲೇಜಿನಲ್ಲಿದ್ದಾಗಿಂದ ಕೇಳುತ್ತಿದ್ದೇನೆ. ಈಗ ನನ್ನ ಮಗ ಕಾಲೇಜಿಗೆ ಹೋಗುತ್ತಾನೆ. ಒಂದು ಪಕ್ಷದವರು ಇನ್ನೊಂದು ಪಕ್ಷದ ಮೇಲೆ ಹಾಕುತ್ತಾರೆ. ತಪ್ಪು ಯಾರದ್ದು, ನೇರವಾಗಿ ಹೇಳಿ.
*ಓದುಗರು, ಬೀಳಗಿ*

ನೇರವಾಗಿಯೇ ಹೇಳುತ್ತೇವೆ, ಆದರೆ ಎರಡು ಗಂಟುಗಳನ್ನು ಬೇರೆ ಬೇರೆ ಬಿಚ್ಚಬೇಕು. ನಿಮ್ಮ ಕಡೆ ಭಾಷಣಕ್ಕೆ ಬರುವವರು ಎರಡನ್ನೂ ಬೇಕಂತಲೇ ಕಲಸಿಬಿಡುತ್ತಾರೆ.

ಮೊದಲನೆಯದು ಕೋರ್ಟು. ಆಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಹೇಳಿತು, 2013ರ ನವೆಂಬರ್‌ನಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಆದರೆ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಅಚ್ಚಾಗಬೇಕು. ಸದ್ಯಕ್ಕೆ ಅಚ್ಚು ಹಾಕಬೇಡಿ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಂಧ್ರದ ತಕರಾರಿತ್ತು, 2014ರಲ್ಲಿ ತೆಲಂಗಾಣ ಬೇರೆಯಾಗಿ ತಕರಾರು ಎರಡಾಯಿತು. ಇತ್ತ ಮಹಾರಾಷ್ಟ್ರದವರು ಎತ್ತರ ಏರಿಸಿದರೆ ಸಾಂಗ್ಲಿ, ಕೊಲ್ಹಾಪುರದಲ್ಲಿ ಮಹಾಪೂರ ಜಾಸ್ತಿಯಾಗುತ್ತದೆ ಅಂತಾರೆ. ಹೀಗಾಗಿ ಬೆಂಗಳೂರಿನಲ್ಲಿ ಯಾರೇ ಕೂತಿದ್ದರೂ ಒಂದು ಸಹಿಯಿಂದ ಗೇಟು ಎತ್ತರವಾಗುವುದಿಲ್ಲ. ಈ ವಿಷಯದಲ್ಲಿ "ನಾವು ಬಂದರೆ ಆರು ತಿಂಗಳಲ್ಲಿ ಮಾಡ್ತೀವಿ" ಅಂತ ಯಾರಾದರೂ ಅಂದರೆ ಎದ್ದು ಮನೆಗೆ ಹೋಗಿ.

ಎರಡನೆಯದು ಜಮೀನು, ಇದಕ್ಕೆ ಕೋರ್ಟಿನ ನೆಪ ನಡೆಯುವುದಿಲ್ಲ. ಎತ್ತರ ಏರಿದರೆ ಮುಳುಗುವುದು 75,563 ಎಕರೆ. ಅದರಲ್ಲಿ ನಿಮ್ಮ ಬೀಳಗಿಯ ಹೊಲಗಳೂ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ ರೂಪಾಯಿ ಅಂತ ತೀರ್ಮಾನ ಮಾಡಿತು. ಇದು ಒಳ್ಳೆಯದೇ. ಆದರೆ ಅದಕ್ಕೂ ಹಿಂದಿನ ಇಷ್ಟು ವರ್ಷ ಮುಳುಗಡೆ ಪಟ್ಟಿಯಲ್ಲಿ ಹೆಸರಿದ್ದ ರೈತ ಬಾವಿ ತೋಡಿಸಲಿಲ್ಲ, ಹೊಸ ಮನೆ ಕಟ್ಟಲಿಲ್ಲ, ಮಗಳ ಮದುವೆಗೆ ಹೊಲ ಮಾರಲು ಹೋದರೆ ಕೊಳ್ಳುವವರೂ ಇರಲಿಲ್ಲ. ಈ ಲೆಕ್ಕ ಅಧಿಕಾರದಲ್ಲಿದ್ದ ಎಲ್ಲರ ತಲೆಗೂ ಹತ್ತುತ್ತದೆ, ನಾವು ಯಾರನ್ನೂ ಬಿಡುವುದಿಲ್ಲ.

ಮುಂದಿನ ಸಲ ನಿಮ್ಮೂರಿಗೆ ಯಾರಾದರೂ ಬಂದರೆ "ಆಲಮಟ್ಟಿ ಯಾವಾಗ" ಅಂತ ಕೇಳಬೇಡಿ. "ನಮ್ಮೂರಿನ ಎಷ್ಟು ಸರ್ವೆ ನಂಬರಿಗೆ ದುಡ್ಡು ಬಂದಿದೆ, ಎಷ್ಟು ಬಾಕಿ, ಈ ವರ್ಷದ ಬಜೆಟ್‌ನಲ್ಲಿ ಎಷ್ಟು ತೆಗೆದಿಟ್ಟಿದ್ದೀರಿ" ಅಂತ ಕೇಳಿ. ಗೆಜೆಟ್ ದಿಲ್ಲಿ ಕೆಲಸ, ಪರಿಹಾರ ಬೆಂಗಳೂರಿನ ಕೆಲಸ.

ಬೆಳಗಾವಿಯ ಚಳಿಗಾಲದ ಅಧಿವೇಶನ ಬರೀ ಪಿಕ್‌ನಿಕ್ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ನೀವೇನಂತೀರಿ?
*ಓದುಗರು, ಟಿಳಕವಾಡಿ, ಬೆಳಗಾವಿ*

ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು. ವರ್ಷದಲ್ಲಿ ಕೆಲವೇ ದಿನ ಅದರ ದೀಪ ಪೂರ್ತಿ ಉರಿಯುತ್ತದೆ, ಅದು ಕಣ್ಣಿಗೆ ಕಾಣುವ ಮಾತು. ಆದರೆ ಪಿಕ್‌ನಿಕ್ ಅನ್ನುವವರು ಒಮ್ಮೆ ಕೊಂಡಸಕೊಪ್ಪದ ಕಡೆ ಹೋಗಿ ಬರಲಿ. ಅಧಿವೇಶನದ ದಿನಗಳಲ್ಲಿ ಅಲ್ಲಿ ಸಾಲಾಗಿ ಟೆಂಟು ಬೀಳುತ್ತವೆ. ಒಂದರಲ್ಲಿ ಅಂಗನವಾಡಿಯವರು, ಪಕ್ಕದಲ್ಲಿ ಅತಿಥಿ ಉಪನ್ಯಾಸಕರು, ಆಚೆ ಹಸಿರು ಟವೆಲ್ಲಿನ ರೈತರು. ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತಿರುತ್ತಾರೆ. ಮಧ್ಯಾಹ್ನ ಒಬ್ಬ ಮಂತ್ರಿ ಬರುತ್ತಾರೆ, ಮನವಿ ತಗೋತಾರೆ, "ಮುಖ್ಯಮಂತ್ರಿಗಳ ಗಮನಕ್ಕೆ ತರುತ್ತೇನೆ" ಅಂತಾರೆ, ಕಾರು ಹೊರಡುತ್ತದೆ. ಇಷ್ಟಕ್ಕಾದರೂ ಅವರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು ಅನ್ನುವುದು ನೆನಪಿರಲಿ.

ಒಳಗೆ ಏನಾಗುತ್ತದೆ ಅನ್ನುವುದನ್ನು ಟಿವಿಯ ಗದ್ದಲ ನೋಡಿ ಅಳೆಯಬೇಡಿ. ನಿಮ್ಮ ಶಾಸಕರು ಯಾವ ಪ್ರಶ್ನೆ ಕೇಳಿದರು, ಯಾವ ಉತ್ತರ ಬಂತು, ಎಲ್ಲಾ ಲಿಖಿತವಾಗಿ ಸಿಗುತ್ತದೆ. ಉದಾಹರಣೆಗೆ ಕಬ್ಬು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ಶೇ. 15ರ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮ ಜಿಲ್ಲೆಯ 18 ಶಾಸಕರಲ್ಲಿ ಎಷ್ಟು ಜನ ಆ ಬಡ್ಡಿಯ ಬಗ್ಗೆ ಪ್ರಶ್ನೆ ಕೇಳಿದ್ದಾರೆ, ಹುಡುಕಿ ನೋಡಿ. ಹಾಂ, ಹುಡುಕುವಾಗ ಯಾರ್ಯಾರಿಗೆ ಸ್ವಂತ ಕಾರ್ಖಾನೆ ಇದೆ ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

"ಮಹಾಜನ ವರದಿಯೇ ಅಂತಿಮ" ಅಂತ ನಾನಂದರೆ ಕೊಲ್ಹಾಪುರದ ಗೆಳೆಯ ನಗುತ್ತಾನೆ. ಯಾಕೆ?
*ಓದುಗ, ನಿಪ್ಪಾಣಿ*

ಯಾಕೆಂದರೆ ನೀವು ನಿಪ್ಪಾಣಿಯವರು. ಕರ್ನಾಟಕ-ಮಹಾರಾಷ್ಟ್ರ ಗಡಿ ಜಗಳ ಬಗೆಹರಿಸಲು ಕೂತ ಮಹಾಜನ ಆಯೋಗದ ಆ ವರದಿ ಬಂದದ್ದು 1967ರಲ್ಲಿ. ಬೆಳಗಾವಿ ಕರ್ನಾಟಕಕ್ಕೆ ಅಂತ ಅದು ಹೇಳಿತು ನಿಜ, ಆದರೆ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಅಂತಲೂ ಹೇಳಿತ್ತು. ಅತ್ತಲಿಂದ ಜತ್ತ, ಅಕ್ಕಲಕೋಟ ನಮಗೆ ಬರಬೇಕಿತ್ತು. ಆಯೋಗ ಬೇಕು ಅಂತ ಹಟ ಹಿಡಿದದ್ದು ಮಹಾರಾಷ್ಟ್ರವೇ, ವರದಿ ಬಂದ ಮೇಲೆ ಒಪ್ಪದೇ ಇದ್ದದ್ದೂ ಅವರೇ. 2004ರಿಂದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಗೆಳೆಯನಿಗೆ ಇದನ್ನು ಹೇಳಿ, ಆದರೆ "ಅಂತಿಮ" ಅನ್ನುವ ಮುಂಚೆ ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ.

ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರಿಗೆ ಕಾನೂನಿನಲ್ಲಿ ಏನೂ ಶಿಕ್ಷೆ ಇಲ್ಲವೇ?
*ಓದುಗರು, ಅಥಣಿ*

ಅಥಣಿಯಿಂದ ಈ ಪ್ರಶ್ನೆ! ಕಾನೂನು 1985ರಿಂದ ಇದೆ, 2003ರಲ್ಲಿ ಇನ್ನಷ್ಟು ಬಿಗಿ ಮಾಡಿದರು. 2019ರಲ್ಲಿ 17 ಶಾಸಕರು ಅನರ್ಹರಾದರು, ಅನರ್ಹತೆ ಸರಿ ಅಂತ ಸುಪ್ರೀಂ ಕೋರ್ಟೂ ಹೇಳಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂತ ದಾರಿ ಬಿಟ್ಟಿತು. ಆ ಡಿಸೆಂಬರ್‌ನಲ್ಲಿ ಅಥಣಿ, ಕಾಗವಾಡ, ಗೋಕಾಕ ಮೂರೂ ಕಡೆ ಅವರನ್ನೇ ಮತ್ತೆ ಗೆಲ್ಲಿಸಿ ಕಳಿಸಿದ್ದು ಯಾರು? 2023ರಲ್ಲಿ ಮಾತ್ರ ಅಥಣಿ, ಕಾಗವಾಡದವರು ಮನಸ್ಸು ಬದಲಿಸಿದರು, ಗೋಕಾಕದವರು ಬದಲಿಸಲಿಲ್ಲ.

ಪಂಚಾಯಿತಿ ಚುನಾವಣೆಯಾದಾಗಿಂದ ನಾನೂ ನಮ್ಮ ಅಣ್ಣನೂ ಮಾತು ಬಿಟ್ಟಿದ್ದೇವೆ. ಅವನು ಒಂದು ಪಕ್ಷ, ನಾನೊಂದು ಪಕ್ಷ. ಮುಂದಿನ ತಿಂಗಳು ಮನೆಯಲ್ಲಿ ಮದುವೆ.
*ಓದುಗ, ಇಂಡಿ ತಾಲ್ಲೂಕು*

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ ಮಾರಾಯರೇ. ಚೀಟಿಯಲ್ಲಿ ಇಲ್ಲದ ಪಕ್ಷಕ್ಕೆ ನೀವಿಬ್ಬರೂ ಮಾತು ಬಿಟ್ಟಿದ್ದೀರಿ. ಲಗ್ನಪತ್ರಿಕೆಯಲ್ಲಿ ಮೊದಲು ಅಣ್ಣನ ಹೆಸರು ಹಾಕಿಸಿ, ಅಚ್ಚಾದ ಮೇಲೆ ಮೊದಲ ಪತ್ರಿಕೆ ನೀವೇ ತಗೊಂಡು ಹೋಗಿ ಕೊಡಿ. ಅತ್ತಿಗೆ ಚಹಾ ಮಾಡಿದರೆ ಬೇಡ ಅನ್ನಬೇಡಿ.